ಬಲದಂಡೆಯ ಲೆಕ್ಕ

ಈ ಅಳಿಲಿನ ಬೆನ್ನಿಗೆ ಮೂರು ಗೆರೆಯಿಲ್ಲ,
ರಾಗಿ ಎರಚಿದ ಹಾಗೆ ಚುಕ್ಕಿ.
ಸೇತುವೆ ಕಟ್ಟಿದ ಕುಲವಲ್ಲ,
ದ್ನಿಪ್ರೋ ಹೊಳೆಯನ್ನು ದಾಟಿದ್ದೂ ಇಲ್ಲ.
ಬಯಲ ಬಿಲದಲ್ಲಿ ಏಳೆಂಟು ತಿಂಗಳು ನಿದ್ದೆ,
ಉಳಿದಷ್ಟು ದಿನ ಗೋಧಿಯ ಕಳವು.

ಪನಾಸ್ ಬಿಲಕ್ಕೆ ಬಕೆಟ್ಟು ನೀರು ಹೊಯ್ಯುತ್ತಾನೆ.
ಶಾಲೆಯಲ್ಲಿದ್ದಾಗ ಕಲಿತದ್ದು: ಬಾಲವೊಂದಕ್ಕೆ ಎರಡು ಕೊಪೆಕ್.
ಈಗ ಬಾಲ ಬೇಡ, ಇಡೀ ಪ್ರಾಣಿ, ಅದೂ ಜೀವಂತ,
ಎಂದಾಗ ನಕ್ಕಿದ್ದ: "ಸರ್ಕಾರಕ್ಕೆ ಬುದ್ಧಿ ಬಂತೇ?"
ಒದ್ದೆ ಮುದ್ದೆಯೊಂದು ಸೀನುತ್ತ ಹೊರಬಂದು
ಅವನ ಕೈಗವಸು ಕಚ್ಚಿ ಜೋತಾಡುತ್ತದೆ.

ಹ್ಲಾಫಿರಾ ಕೈಯಲ್ಲಿ ಕತ್ತರಿ.
ಹಿಗ್ಗಿಸಿದ ಛಾಯಾಚಿತ್ರದಿಂದ
ಒಂದೊಂದೇ ವರ್ಣತಂತು ಕತ್ತರಿಸಿ,
ಉದ್ದಕ್ಕೆ ಉದ್ದ, ಗಿಡ್ಡಕ್ಕೆ ಗಿಡ್ಡ,
ಒಗೆದ ಕಾಲುಚೀಲ ಜೋಡಿಸುವ ಹಾಗೆ
ಜೋಡಿಸಿ ಅಂಟಿಸುತ್ತಾಳೆ.
ಎಡದಂಡೆಯದಕ್ಕೆ ಮೂವತ್ತಾರು.
ಬಲದಂಡೆಯದಕ್ಕೆ ಮೂವತ್ತನಾಲ್ಕು.

ಮೊದಲ ಸಲ ಮೇಜಿನಡಿ ತೂರಿ
ಮಂಡಿಯೂರಿ ಹುಡುಕಿದ್ದಳು ಎರಡು ಕಾಗದದ ಚೂರು.
ಸಿಕ್ಕಿದ್ದು ಸೂರ್ಯಕಾಂತಿ ಬೀಜದ ಸಿಪ್ಪೆ,
ಹೋದ ವರ್ಷ ಕಳೆದ ಕೋಟಿನ ಗುಂಡಿ.
ಎರಡನೆಯ ಸಲ, ಗಾಳಿಯ ಮೇಲೆ ಗುಮಾನಿಯಾಗಿ,
ಕಿಟಕಿ ಮುಚ್ಚಿ ಎಣಿಸಿದಳು.
ಮೂವತ್ತನಾಲ್ಕೇ.

ಆಮೇಲೆ ಕಂಡಿತು: ಕಳೆದಿಲ್ಲ, ಕೂಡಿವೆ.
ಆಚೆ ದಡದಲ್ಲಿ ಬೇರೆಬೇರೆ ನಿಂತ ಎರಡು
ಈಚೆಗೆ ತುದಿಗೆ ತುದಿ ಬೆಸೆದು ಒಂದೇ ಹುರಿ.
ಅದೇ ಚುಕ್ಕಿ, ಅದೇ ಸೀಟಿ,
ಗಿಡುಗನ ನೆರಳಿಗೆ ಅದೇ ಹೆದರಿಕೆ.
ಗಂಟು ಮಾತ್ರ ಒಳಗೆಲ್ಲೋ, ಬೇರೆ.

ದೋಣಿಯ ಮುದುಕ ಯುಖಿಮ್,
ಅಣೆಕಟ್ಟಿನ ನೀರಿಗೆ ಊರು ಕೊಟ್ಟವನು,
ಪಂಜರಗಳೊಳಗೆ ಇಣುಕಿ ಕೇಳಿದ:
"ಹೊಳೆ ಬಂದು ಇವು ಬೇರೆಯಾದವೋ,
ಬೇರೆಯಾದ ಮೇಲೆ ಹೊಳೆ ಸಾಕ್ಷಿಗೆ ನಿಂತಿತೋ?"
ಗೊತ್ತಿಲ್ಲ, ಎಂದಳು.
"ನನ್ನವಳೂ ಆ ದಡದವಳು," ಹುಟ್ಟು ಹಾಕುತ್ತ ಹೇಳಿದ.
"ಬೋರ್ಶ್ ಸಾರಿಗೆ ಅವರೆ ಹಾಕಬೇಕೋ ಬೇಡವೋ,
ನಲವತ್ತು ವರ್ಷ ಜಗಳ.
ಮಕ್ಕಳು ಏಳು."

ಈ ಚಳಿಗಾಲ ಎರಡೂ ದಡದವು
ಅಕ್ಕಪಕ್ಕದ ಪಂಜರದಲ್ಲಿ ಉಂಡೆಯಾಗಿ ಮಲಗಿವೆ,
ನಡುವೆ ತಂತಿಬಲೆ.
ಏಪ್ರಿಲಿಗೆ ಅದನ್ನು ತೆಗೆಯಬೇಕು.
ಕಚ್ಚಾಡಬಹುದು. ಮರಿಯೂ ಆಗಬಹುದು.
ಆದರೆ ಮೂವತ್ತೈದು:
ಒಂದರ ಎದುರು ಎರಡು ಬಂದು ಜೋಡಿ ನಿಲ್ಲಬೇಕು,
ನಿಲ್ಲುತ್ತವೋ ಇಲ್ಲವೋ.

ಆ ಸಾಲಿಗೆ ಪುಸ್ತಕದಲ್ಲಿ ಜಾಗ ಬಿಟ್ಟು
ಒಲೆ ಆರಿಸಲು ಏಳುತ್ತಾಳೆ ಹ್ಲಾಫಿರಾ.
ಅಂಟು ಇನ್ನೂ ಒಣಗಿಲ್ಲ;
ಅಂಗಿಯ ತೋಳಿಗೆ ಹತ್ತಿ ಮನೆಯವರೆಗೂ ಬರುತ್ತದೆ
ಒಂದು ಗಿಡ್ಡ ವರ್ಣತಂತು,
ಯಾವ ದಡದ್ದೋ.