ಸೋಮವಾರದ ಗೋಡೆ

ಸಂಘದ ಪುಸ್ತಕದಲ್ಲಿ ನಾನೇ ಬರೆದದ್ದು, ನೀಲಿ ಶಾಯಿ:
ನೋಡುವುದಕ್ಕೆ ಐವತ್ತು. ಊಟ ನೂರೆಂಬತ್ತು.
ಚಿತ್ತಾರ ಬರೆಯುತ್ತೇನೆ ಅನ್ನುವವರಿಗೆ ಇನ್ನೂರು.
ಪುಂಡಿನಾರಿನ ಕುಂಚ ನಮ್ಮದು, ಅಕ್ಕಿಹಿಟ್ಟು ನಮ್ಮದು,
ಗೋಡೆ ಮಾತ್ರ ಹೊರಗಿನದು.

ಕೊಟ್ಟಿಗೆಯ ಪಕ್ಕ, ಎಂಟು ಅಡಿ, ಕೆಮ್ಮಣ್ಣು ಬಳಿದದ್ದು.
ಭಾನುವಾರ ರಾತ್ರಿಯ ತನಕ ಅದು ಬಂದವರದು.
ಹೆಸರು ಬರೆಯುತ್ತಾರೆ, ಹೃದಯ ಬರೆಯುತ್ತಾರೆ,
ಒಬ್ಬ ತನ್ನ ಬೈಕು ಬರೆದ, ನಂಬರ್ ಪ್ಲೇಟಿನ ಸಮೇತ.
ಸೋಮವಾರ ಬೆಳಿಗ್ಗೆ ಗುತ್ಯಮ್ಮತ್ತೆ
ಒಂದು ಬಕೆಟ್ ಮಣ್ಣು ಕಲಸಿ
ಎಲ್ಲದರ ಮೇಲೂ ಬಳಿಯುತ್ತಾಳೆ.
ಪಾಪ, ಎಷ್ಟು ಕಷ್ಟಪಟ್ಟು ಬರೆದಿದ್ವು, ಅನ್ನುತ್ತಾಳೆ,
ಕೈ ಮಾತ್ರ ನಿಲ್ಲಿಸುವುದಿಲ್ಲ.

ಒಳಗಿನ ಹಸೆಗೋಡೆ ಬೇರೆ.
ಮನೆಯಲ್ಲಿ ಮದುವೆ ಇದ್ದರೆ ಮಾತ್ರ ಅಲ್ಲಿ ಎಳೆ ಏಳುವುದು.
ಅದರ ಬಗ್ಗೆ ಮೂರು ಸಭೆ ಆಯಿತು.
ಶಿವಮೊಗ್ಗದ ಟ್ರಾವೆಲ್ಸಿನವನು ಹೇಳಿ ಹೋಗಿದ್ದ:
ಜೋಗಕ್ಕೆ ಹೋಗುವ ಹೊಸ ಜೋಡಿಗಳು,
ಹಸೆಯ ಮುಂದೆ ಕೂರಿಸಿ ಒಂದು ಫೋಟೋ, ಎರಡೂವರೆ ಸಾವಿರ.
ಹತ್ತಿರದಲ್ಲೇ ಸಿಡಿಲು ಬಿದ್ದ ಹಾಗೆ ಎಲ್ಲ ಸುಮ್ಮನಾದೆವು.
ಸುಳ್ಳು ಯಾಕೆ, ನಾನು ಮನಸ್ಸಿನಲ್ಲೇ ಗುಣಿಸಿದೆ:
ತಿಂಗಳಿಗೆ ನಾಲ್ಕು ಜೋಡಿ, ಅಂಗನವಾಡಿಗೆ ಹೆಂಚು,
ಬಾವಿಗೆ ಮೋಟಾರು, ನನಗೂ ಒಂದಿಷ್ಟು.
ಕೆರಿಯಮ್ಮ ಹೊರಗೆ ಹೋಗಿ ಎಲೆಯಡಿಕೆ ಉಗಿದು ಬಂದು
ನಿಂತೇ ಕೇಳಿದಳು:
ಹಸೆಯೊಳಗೆ ಕೂತ ಇಬ್ಬರನ್ನ ಏನು ಮಾಡೋದು?
ಬರೆದ ಮೇಲೆ ಅವರೂ ಮದುಮಕ್ಕಳೇ ತಾನೆ,
ದಿನಾ ಕಂಡಕಂಡವರಿಗೆ ಎದ್ದು ಜಾಗ ಬಿಡಬೇಕಾ?

ಠರಾವು: ಬೇಡ.
ಅದರ ಕೆಳಗೆ ನನ್ನ ಸಹಿ ಸ್ವಲ್ಪ ಸೊಟ್ಟ.

ಭೂಮಿಹುಣ್ಣಿಮೆ ಕಳೆದು ಹತ್ತು ದಿನ,
ಬುಟ್ಟಿಯ ಮೇಲಿನ ಬಿಳಿ ಇನ್ನೂ ಉದುರಿರಲಿಲ್ಲ,
ಬಂದಳು ಒಬ್ಬಳು, ಎಲ್ಲೋ ಬೆಟ್ಟದ ದೇಶದವಳು.
ಲೆಸೋಥೋ. ಬರೆದುಕೊಳ್ಳುವಾಗ
ಗೈಡು ಹುಡುಗನನ್ನು ಎರಡು ಸಲ ಕೇಳಿದೆ.
ಹೆಸರು ದಿನೇಓ. ಗುತ್ಯಮ್ಮತ್ತೆಯ ಬಾಯಲ್ಲಿ
ಕಾಫಿ ಲೋಟ ತಣ್ಣಗಾಗುವುದರೊಳಗೆ ದಿನಮ್ಮ.

ಕುಂಚ ಕೊಟ್ಟರೆ ಬೇಡವೆಂದಳು.
ಗೋಡೆಗೆ ಹೊಸ ಮಣ್ಣು ಬೇಕು, ಹಸಿಯದು, ಈಗಲೇ.
ಅವತ್ತು ಶುಕ್ರವಾರ. ಅದಕ್ಕೆ ನನ್ನ ಪುಸ್ತಕದಲ್ಲಿ ದರ ಇಲ್ಲ.
ಅವಳು ಇನ್ನೂ ಏನೋ ಕೇಳಿದಳು,
ಗೈಡು ಅದರ ಕನ್ನಡ ಹುಡುಕುತ್ತಾ ನಾಚಿದ,
ಅವಳು ದನ ತೋರಿಸಿದಳು.
ಸೆಗಣಿ, ಮಣ್ಣು, ನಾಲ್ಕು ಕೈ;
ಆಮೇಲೆ ಭಾಷೆ ಯಾರಿಗೆ ಬೇಕಿತ್ತು.

ಹಸಿ ಗೋಡೆಗೆ ಬೆರಳು ಊರಿ ಎಳೆದಳು.
ಉತ್ತ ಗದ್ದೆಯ ಹಾಗೆ ಸಾಲು,
ಒಂದು ಮಡಿ ಉದ್ದ, ಪಕ್ಕದ್ದು ಅಡ್ಡ.
ಬಿಳಿ ಇಲ್ಲ, ಬಣ್ಣ ಇಲ್ಲ,
ಬಿಸಿಲು ವಾಲಿದಾಗ ಮಾತ್ರ ಕಾಣುವ ಗೆರೆ.
ಊಟದ ಫೋರ್ಕು ಇದೆಯಾ ಅಂದಳು.
ನಮ್ಮಲ್ಲೆಲ್ಲಿಯ ಫೋರ್ಕು. ನನ್ನ ಬಾಚಣಿಗೆ ಕೊಟ್ಟೆ.
ಮೂರನೇ ಮಡಿಯಲ್ಲಿ ಅದರ ಹಲ್ಲು ಹೋಯಿತು.

ಅವಳಮ್ಮನೂ ಹೀಗೇ ಎಳೆಯುತ್ತಿದ್ದಳಂತೆ.
ಮಳೆ ಬಂದು ಅಳಿಸಿದರೆ ಅಲ್ಲಿ ಬೇಜಾರಿಲ್ಲವಂತೆ:
ಹಿರಿಯರು ನೋಡಿದರು, ಕೇಳಿದ ಮಳೆ ಕೊಟ್ಟರು, ಅಷ್ಟೆ.
ಗೈಡು ಅರ್ಧ ಹೇಳಿದ, ಅರ್ಧ ನುಂಗಿದ.
ಗುತ್ಯಮ್ಮತ್ತೆ ಪೂರ್ತಿ ಕೇಳಿಸಿಕೊಂಡವಳ ಹಾಗೆ ತಲೆಯಾಡಿಸಿ
ಅಲ್ಲಿ ಮಳೆ ಅಳಿಸ್ತದೆ, ಇಲ್ಲಿ ನಾನು, ಅಂದಳು.

ಹೊರಡುವಾಗ ಅವಳು ದುಡ್ಡು ಚಾಚಿದಳು.
ಕಲಿತದ್ದಕ್ಕೋ ಕಲಿಸಿದ್ದಕ್ಕೋ?
ಊಟದ ನೂರೆಂಬತ್ತು ಮಾತ್ರ ಇಟ್ಟುಕೊಂಡೆ.

ಸೋಮವಾರ ಬಂತು, ಬಕೆಟ್ ಬಂತು.
ನಾವು ನಾಲ್ಕು ಜನ ಏನೋ ಕೆಲಸವಿದ್ದವರಂತೆ ಅಲ್ಲೇ ಸುಳಿದೆವು.
ಇದೊಂದನ್ನ ಬಿಡು ಅತ್ತೆ, ಅಂದೆ.
ಅಳಿಸದೆ ಬಿಟ್ಟರೆ ಅವಳ ಅಮ್ಮನಿಗೆ ಅವಮಾನ,
ಅನ್ನುತ್ತಾ ಎಡಮೂಲೆಯಿಂದ ಶುರು ಮಾಡಿದಳು.
ಎಂದಿಗಿಂತ ನಿಧಾನ ಅಂತ ನನಗೆ ಅನ್ನಿಸಿತು,
ಕೆರಿಯಮ್ಮ ಹಾಗೇನಿಲ್ಲ ಅಂದಳು.

ಪುಸ್ತಕದಲ್ಲಿ ಬರೆದಿದ್ದೇನೆ:
ಇತರೆ ಖರ್ಚು, ಬಾಚಣಿಗೆ ಒಂದು, ಹದಿನೈದು ರೂಪಾಯಿ.
ಹೊಸದು ಬಂದಿದೆ.
ನಿನ್ನೆ ಕೆರಿಯಮ್ಮನ ಮೊಮ್ಮಗಳು ಬಾಗಿಲಲ್ಲಿ ನಿಂತಿದ್ದಳು,
ಮೊಣಕೈವರೆಗೆ ಮಣ್ಣು:
ಚಿಕ್ಕಮ್ಮ, ಆ ಮುರಿದದ್ದು ಎಲ್ಲಿಟ್ಟಿದ್ದಿ?