ಮಾತಿಗೆ ಸಾಕು

ಮೊದಲು ಹೋದದ್ದು ಜೀರುಂಡೆ.
ಹಿತ್ತಲು ಯಾಕಿಷ್ಟು ಸುಮ್ಮನಿದೆ ಈ ವರ್ಷ
ಎಂದು ಕೇಳಿದರೆ ಮೊಯ್ದು ನಕ್ಕ:
"ಕೂಗ್ತಾ ಇವೆಯಲ್ಲ ಮಾರಾಯ, ತಲೆ ಚಿಟ್ಟು ಹಿಡಿಯೋ ಹಾಗೆ."
ಆಮೇಲೆ ಕುಕ್ಕರಿನ ಸೀಟಿ. ಆಮೇಲೆ
ಒಂದು ಗುರುವಾರ ಸಂಜೆ, ತಂಬೂರಿಯ ಜವಾರಿ.
ತಂತಿ ಇತ್ತು.
ತಂತಿಯ ಮೇಲಿನ ಬಿಸಿಲು ಇರಲಿಲ್ಲ.

ಯಾರನ್ನು ದೂರಲಿ?
ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನಲ್ಲಿ ಮೂವತ್ತೊಂದು ವರ್ಷ
ಹಲ್ಲರ್ ಯಂತ್ರದ ಪಕ್ಕ ನಿಂತವನು ನಾನು.
ಕಾಫಿಯ ಸಿಪ್ಪೆ ಹಾರಿದ ಹಾಗೆ
ಕಿವಿಯದೂ ಹಾರಿತು, ಪದರ ಪದರ.
ಕಿವಿಗಿಡಲು ಹತ್ತಿ ಕೊಟ್ಟಿದ್ದರು;
ಕ್ಯಾಸೆಟ್ ಡೆಕ್ಕಿನ ಹೆಡ್ಡು ಒರೆಸಲು ಅದನ್ನು ಮನೆಗೆ ತಂದೆ.

ಮೈಸೂರಿನ ಆಸ್ಪತ್ರೆ, ಗಾಜಿನ ಗೂಡು.
ಸದ್ದು ಕೇಳಿದರೆ ಗುಂಡಿ ಒತ್ತಬೇಕು.
ಕೇಳದ್ದಕ್ಕೂ ಎರಡು ಸಲ ಒತ್ತಿದೆ,
ಪರೀಕ್ಷೆಯಲ್ಲಿ ಪಕ್ಕದವನ ಹಾಳೆ ಕದಿಯುವ ಹುಡುಗನಂತೆ.
ಆ ಹೆಣ್ಣುಮಗಳು ತೋರಿಸಿದ ಹಾಳೆಯಲ್ಲಿ
ಗೆರೆ ಮಡಿಕೇರಿಯ ಎತ್ತರದಲ್ಲೇ ಹೊರಟು
ಸಂಪಾಜೆ ಘಾಟಿ ಇಳಿದು
ಜೋಡುಪಾಲದ ಹತ್ತಿರ ರಸ್ತೆಯೇ ಕುಸಿದಿತ್ತು.
"ಇಲ್ಲಿಂದಾಚೆ?"
"ಆಚೆ ಏನೂ ಇಲ್ಲ ಅಂಕಲ್" ಅಂದಳು,
ಅಥವಾ ತುಟಿ ಹಾಗೆ ಅಂದಂತಿತ್ತು.

ಯಂತ್ರ ಕೊಟ್ಟರು, ಹುಣಸೆ ಬೀಜದಷ್ಟು.
ಚಮಚ, ಚಿಲಕ, ಪ್ಲಾಸ್ಟಿಕ್ ಚೀಲ
ಎಲ್ಲ ವಾಪಸು ಬಂದವು, ಕರೆಯದೆ.
ತಂಬೂರಿ ಬರಲಿಲ್ಲ.
ಒಂದೇ ಸಮನೆ ನುಡಿಯುವುದನ್ನೆಲ್ಲ
ಫ್ಯಾನಿನ ಸದ್ದೆಂದು ತಿಳಿದು
ಮೆಲ್ಲಗೆ ಒರೆಸಿ ಹಾಕುತ್ತದಂತೆ ಅದು.
ಕೊಳಲು ಕೇಳಿಸಿದರೆ ತಾನೂ ಸಿಳ್ಳೆ ಹಾಕುತ್ತದೆ.
"ಮಾತಿಗೆ ಸಾಕು ಅಂಕಲ್."
ಮಾತು ಯಾರಿಗೆ ಬೇಕಿತ್ತಮ್ಮ?

ತಂಗಿ ದೇಚು ಹೇಳುತ್ತಾಳೆ, ಮಾರಿಬಿಡಣ್ಣ,
ನಾನ್ನೂರು ಕ್ಯಾಸೆಟ್ಟು ಧೂಳು ತಿನ್ನುತ್ತಿವೆ.
ಓದಿ ಮುಗಿಸಿದವರು ಪುಸ್ತಕ ಮಾರುತ್ತಾರೆಯೇ ಅಂದೆ.
ಮಾರುತ್ತಾರೆ, ಅಂದಳು.

ಈಗ ಕಿವಿಯೊಳಗೆ ನನ್ನದೇ ಒಂದು ಶ್ರುತಿ, ಹಗಲೂ ರಾತ್ರಿ.
ಹಾರ್ಮೋನಿಯಂ ತೆಗೆದು ಹುಡುಕಿದೆ: ಯಾವ ಮನೆಯದೂ ಅಲ್ಲ.
ಕೊನೆಯ ಮನೆಯನ್ನೂ ದಾಟಿ
ಬೇಲಿಯಾಚೆ ನಿಂತುಕೊಂಡಿದೆ.

ಉಳಿದವು ತಗ್ಗಿನವು.
ಹೊಳೆ ದಾಟಿ ಬೈಲುಕುಪ್ಪೆಗೆ ಹೋದರೆ ಲಾಮಾಗಳ ಉದ್ದ ಕಹಳೆ:
ಪಕ್ಕೆಲುಬಿನಿಂದ ಕೇಳುತ್ತೇನೆ.
ಹುತ್ತರಿಯ ದುಡಿಯನ್ನು ಅಂಗಾಲಿನಿಂದ.
ಮೊದಲು ಇವನ್ನು ಸಂಗೀತದ ಲೆಕ್ಕಕ್ಕೇ ಹಿಡಿದಿರಲಿಲ್ಲ,
ಪಂಡಿತನಾಗಿದ್ದೆ.

ಗುರುವಾರ ಮಾತ್ರ ತಪ್ಪಿಲ್ಲ.
ಗಡಿಯಾರದಂಗಡಿಯ ಶಟರ್ ಅರ್ಧ ಎಳೆದು
ಮೊಯ್ದು ಬರುತ್ತಾನೆ. ರಾಗ ಗೊತ್ತಿಲ್ಲ ಅವನಿಗೆ,
ನಲವತ್ತು ವರ್ಷ ಬಂದದ್ದು ಬೆಲ್ಲದ ಕಾಫಿಗೆ.
ಈಗ ಪಕ್ಕ ಕೂತು ನನ್ನ ಮೊಣಕಾಲ ಮೇಲೆ
ತಬಲಾ ಕೇಳಿದಂತೆ ಬೆರಳು ಬಡಿಯುತ್ತಾನೆ.
ಸಮಕ್ಕೆ ಇಡೀ ಅಂಗೈ.
ಸ್ವರ ಮೇಲೇರಿದರೆ ಹುಬ್ಬು.
ಅಷ್ಟು ಸಿಕ್ಕರೆ ಉಳಿದ ಹಾಡು ನನ್ನಲ್ಲೇ ಇದೆ;
ಎರಡನೇ ಬದಿಯಲ್ಲಿ ಗಾಯಕಿ ಒಮ್ಮೆ ಕೆಮ್ಮುತ್ತಾಳೆ,
ಅದೂ.

ಹೋದ ವಾರ ಹಾಗೇ ಕಣ್ಣು ಮುಚ್ಚಿ ತಲೆದೂಗುತ್ತಿದ್ದೆ.
ವಿಲಂಬಿತ ಏಕತಾಳ, ಹನ್ನೆರಡು ಮಾತ್ರೆ.
ಹನ್ನೊಂದಕ್ಕೆ ಮೊಯ್ದು ಎಡವಿದ.
ಎಂದೂ ಎಡವದವನು, ಏನಾಯಿತೆಂದು ಕಣ್ಣು ಬಿಟ್ಟೆ.
ಡೆಕ್ಕಿನ ಕೆಂಪು ದೀಪ ಆರಿತ್ತು.
ಕರೆಂಟು ಹೋಗಿ ಎಷ್ಟು ಹೊತ್ತಾಗಿತ್ತೋ,
ಸುರುಳಿ ತಿರುಗುತ್ತಿರಲಿಲ್ಲ.
ಕಿಟಕಿಯ ಮಬ್ಬಿನಲ್ಲಿ ಅವನು
ನನ್ನ ತಲೆ ಹೋದತ್ತ ನೋಡುತ್ತ,
ಬಾಯೊಳಗೇ ಏನೋ ಎಣಿಸುತ್ತ,
ಬೆರಳು ಬಡಿಯುತ್ತಲೇ ಇದ್ದ.

ನಾನು ಮತ್ತೆ ಕಣ್ಣು ಮುಚ್ಚಿದೆ.
ಅಂತರಾ ಇನ್ನೂ ಬಾಕಿ ಇತ್ತು.