ತಲೆಕಟ್ಟು

ಫೆಬ್ರವರಿಯ ಬಿಸಿಲು. ಲಿಂಗರಾಜಪುರದ ಅಡ್ಡರಸ್ತೆ.
ಕಂಕುಳಲ್ಲಿ ಜನಗಣತಿಯ ಫಾರ್ಮು.
ಮನೆ ನಂಬರು ನಲವತ್ತೊಂದು ಬಾರ್ ಎರಡು.
ಗೇಟಿಗೆ ಕಟ್ಟಿದ ಎಣ್ಣೆಡಬ್ಬದಲ್ಲಿ ಮಜ್ಜಿಗೆಹುಲ್ಲು,
ಹಾಯುವವರ ಮೊಣಕೈ ತಾಗಿ ತಾಗಿ ಘಮ್ಮೆನ್ನುತ್ತಿತ್ತು.

"ಚೀನಾ ಅಜ್ಜಿ ಮನೆ ಸಾರ್, ನೇಪಾಳಿ ಇರಬೇಕು"
ಇಸ್ತ್ರಿಯ ಮುನಿವೆಂಕಟ ಹೇಳಿದ್ದ
ಕೆಂಡ ಊದುತ್ತ, ಎರಡು ದೇಶ ಒಂದೇ ಉಸಿರಲ್ಲಿ.

ಹೆಸರು?
ರೇಷನ್ ಕಾರ್ಡಿನಲ್ಲಿ ಲೀಲಮ್ಮ.
ಗಂಡ ಸವರಿಮುತ್ತು, ಕಾರೈಕಾಲಿನವರು,
ಸೈಗಾನಿನ ಜವಳಿ ಅಂಗಡಿಯಲ್ಲಿ ಲೆಕ್ಕ ಬರೆದವರು. ತೀರಿಕೊಂಡರು.
ಹುಟ್ಟಿದ ಊರು?
ಮೇಕಾಂಗ್ ಅಂದಳು. ಅದು ನದಿಯಲ್ಲವೇ ಎಂದೆ.
"ನಮ್ಮ ಕಡೆ ಎರಡಕ್ಕೂ ವ್ಯತ್ಯಾಸ ಕಡಿಮೆ ಸಾರ್."
ಬಂದ ವರ್ಷ?
ಎಪ್ಪತ್ತಾರು. ವಿಮಾನದಲ್ಲಿ. ಬಗಲಲ್ಲಿ ಮೂರು ತಿಂಗಳ ಕೂಸು,
ಚೀಲದಲ್ಲಿ ಬೆಳ್ಳುಳ್ಳಿ ಕುಟ್ಟುವ ಕಲ್ಲು.
"ಇಲ್ಲಿ ಸಿಗುತ್ತೋ ಇಲ್ಲವೋ ಅಂತ!
ಬೆಂಗಳೂರಿಗೆ, ಸಾರ್, ಕಲ್ಲು ಹೊತ್ತುಕೊಂಡು ಬಂದೆ."

ಮೊದಲ ಮನೆ ಬಿಟ್ಟದ್ದು ಒಂದು ಭರಣಿಯ ದೆಸೆಯಿಂದ.
ಉಪ್ಪು, ನೆತ್ತಿಲಿ ಮೀನು, ತಾರಸಿಯ ಬಿಸಿಲು, ವರ್ಷದ ತಾಳ್ಮೆ.
ಓನರಿಗೆ ಎಂಟೇ ತಿಂಗಳ ತಾಳ್ಮೆ ಇತ್ತು.
ಎರಡನೇ ಮನೆಯಲ್ಲಿ, ಪಕ್ಕದ ಪುಟ್ಟನಂಜಮ್ಮ
ತಟ್ಟೆ ಮುಚ್ಚಿ ತಂದರಂತೆ ಒತ್ತುಶಾವಿಗೆ, ಕಾಯಿಹಾಲು.
ಒಂದೆಳೆ ಎತ್ತಿ ಬೆಳಕಿಗೆ ಹಿಡಿದಳಂತೆ.
"ಅಳಲಿಲ್ಲ ಸಾರ್. ಕಾಯಿಹಾಲು ಪಕ್ಕಕ್ಕಿಟ್ಟು
ಮೂಳೆಸಾರು ಹಾಕಿಕೊಂಡೆ."

ಮಾತೃಭಾಷೆ?
ಅಡುಗೆಮನೆಯಿಂದ ಮಗಳು: ತಮಿಳು ಅಂತ ಬರ್ಕೊಳಿ.
ಬೈಕು ಒರೆಸುತ್ತಿದ್ದ ಮೊಮ್ಮಗ: ಕನ್ನಡ ಹಾಕಿ, ಪ್ರಾಬ್ಲಂ ಇರಲ್ಲ.
ಪಟ್ಟಿ ತಿರುವಿದೆ. ಕಟ್ಟಕಡೆಗೆ ಒಂದು ಸಾಲು: ಇತರೆ.
ಮೀನಿನವನ ಹತ್ತಿರ ತಮಿಳು, ಆಟೋದವನ ಹತ್ತಿರ ಕನ್ನಡ,
ಚಿಲ್ಲರೆ ಎಣಿಸುವಾಗ ಮಾತ್ರ ಅವಳದು ಬೇರೇನೋ.
ತಪ್ಪೆಣಿಸಿದರೆ ತಿದ್ದುವವರು
ಈ ಊರಲ್ಲಿ ಯಾರೂ ಇಲ್ಲ.

"ಲೀಲಮ್ಮ ಅಲ್ಲ" ಅಂದಳು ಒಮ್ಮೆಗೇ. "ಲಿಯೆನ್."
ಲಿಯೆನ್, ಎಂದೆ.
"ಕೊನೆಗೆ ಬೀಳಿಸಿದಿರಿ. ಸಮ ಇರಲಿ, ತುಂಬಿದ ಬಿಂದಿಗೆ ಥರ."
ಮೂರು ಸಲ ತುಳುಕಿಸಿದೆ.
ಪೆನ್ಸಿಲು ಕಸಿದು ಹಾಲಿನ ಲೆಕ್ಕದ ಚೀಟಿಯ ಹಿಂದೆ ಬರೆದಳು.
ನಡುವಿನ ಅಕ್ಷರದ ನೆತ್ತಿಗೆ ಪುಟ್ಟದೊಂದು ಟೋಪಿ,
"ಗದ್ದೆಗಿಳಿಯುವಾಗ ಹಾಕುವಂಥದು.
ರೇಷನ್ ಆಫೀಸಿನ ಗುಮಾಸ್ತ ಕಿತ್ತುಬಿಟ್ಟ.
ಮೂವತ್ತೈದು ವರ್ಷ ಬರಿತಲೆಯಲ್ಲಿ ನಿಂತಿದೀನಿ, ಕ್ಯೂನಲ್ಲಿ."

ನಮ್ಮಕ್ಷರಕ್ಕೂ ತಲೆಕಟ್ಟು ಇದೆಯಮ್ಮ ಎಂದೆ.
ಮೇಷ್ಟರ ಚಟ.
ಅವಳು ಚೀಟಿ ಮಡಿಸಿ ಸೆರಗಿಗೆ ಕಟ್ಟಿಕೊಂಡಳು,
ಹಾಲಿನ ಲೆಕ್ಕ ಇತ್ತಲ್ಲ.

ಇತರೆ ಎಂದೇ ಬರೆದೆ.
ಯಂತ್ರ ಓದುವ ಫಾರ್ಮು, ಚೌಕದಾಚೆ ಗೀಚಬಾರದೆಂದು
ತರಬೇತಿಯಲ್ಲಿ ಎರಡು ದಿನ ಹೇಳಿದ್ದರು.
ಗೇಟಿನಾಚೆ, ಮೊಣಕೈಗೆ ಹುಲ್ಲಿನ ವಾಸನೆ ಮೆತ್ತಿಕೊಂಡು,
ಲೀಲಮ್ಮನ ನೆತ್ತಿಯ ಮೇಲೆ
ಪೆನ್ಸಿಲಲ್ಲಿ ಒಂದು ಗೀರು, ಮತ್ತೊಂದು ಗೀರು.

ನಲವತ್ತೊಂದು ಬಾರ್ ಮೂರು.
ನಾಯಿ ಇತ್ತು. ಬಾಗಿಲು ತೆರೆಯಲಿಲ್ಲ.